ಮುನ್ನೂರ ಹದಿನೆಂಟನೆಯ ಗೀಟು

ಸಾವಿನ ಮನೆಗೆ ಮೂರು ದಿನ ಬಂದವರಿಗೆಲ್ಲ, ಪದ್ಧತಿಯಂತೆ, ಸಕ್ಕರೆಯಿಲ್ಲದ ಕಾಫಿ ಕೊಟ್ಟಾಗಿತ್ತು. ನಾಲ್ಕನೆಯ ಬೆಳಿಗ್ಗೆ ನಹ್ಲಾ ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿಕೊಂಡಳು. ಕುಡಿದಳು. ರುಚಿ ತಿಳಿಯಲಿಲ್ಲ. ಕೆಳಗೆ ಅಲೆಕ್ಸಾಂಡ್ರಿಯಾದ ಟ್ರಾಮು ಎಂದಿನಂತೆ ಕಿರುಗುಟ್ಟುತ್ತ ಹೋಯಿತು.

ಹತ್ತು ಗಂಟೆಗೆ ಡಾಕ್ಟರ್ ಶೌಕತ್ ಬಂದರು, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಗಣಿತ ವಿಭಾಗದ ಮುಖ್ಯಸ್ಥರು. ಅವಳ ಗಂಡ ವಗ್ದಿ ಅವರ ಕೈಕೆಳಗೆ ಒಂಬತ್ತು ವರ್ಷ ಪಾಠ ಮಾಡಿದ್ದ. ಅವಳು ಅಲ್ಲೇ ಓದಿದ್ದಳು.

"ನಲವತ್ತನೇ ದಿನಕ್ಕೆ ಕಾಲೇಜಲ್ಲಿ ಅಮೃತಶಿಲೆ ಫಲಕ ಹಾಕಿಸ್ತಿದೀವಿ, ಮಗಳೇ. ವಗ್ದಿ ಹೆಸರು, ಅದರ ಕೆಳಗೆ ಅವನ ಆ ಅವಿಭಾಜ್ಯ ಸಂಖ್ಯೆ. ಮನೆಯವರದೊಂದು ಸಹಿ ಬೇಕು."

ಆ ಸಂಖ್ಯೆಯಲ್ಲಿ ಇದ್ದದ್ದು ಮುನ್ನೂರ ಹದಿನೇಳು ಒಂದುಗಳು, ಬೇರೆ ಅಂಕಿಯೇ ಇಲ್ಲ. ತನ್ನಿಂದ ಮತ್ತು ಒಂದರಿಂದಲ್ಲದೆ ಅದು ಯಾವುದರಿಂದಲೂ ಭಾಗವಾಗದು. ಕಂಡುಹಿಡಿದವನು ವಗ್ದಿಯಲ್ಲ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳೆದುರು ಹಲಗೆಯ ತುಂಬ ಅದನ್ನು ಗೀಟು ಗೀಟಾಗಿ ಬರೆದು ಮುಗಿಸುವ ಹುಚ್ಚು ಮಾತ್ರ ಅವನದು.

ನಹ್ಲಾ ಕಾಗದ ಬಿಚ್ಚಿದಳು. ಫಲಕದ ನಕ್ಷೆ: ಆರು ಸಾಲು ಗೀಟು, ಬಲು ಅಚ್ಚುಕಟ್ಟು. ಬೆರಳಿಟ್ಟು ಎಣಿಸಿದಳು.

"ಅಳೋಕೆ ಬರಲ್ಲ, ಎಣಿಸೋಕೆ ಬರತ್ತೆ," ಎಂದರು ಅತ್ತೆ ಮೂಲೆಯಿಂದ.

"ಸಾಲಿಗೆ ಐವತ್ಮೂರು. ಮುನ್ನೂರ ಹದಿನೆಂಟಾಯ್ತು, ಡಾಕ್ಟ್ರೇ."

"ಕೊನೇ ಸಾಲು ಮೋಟಾಗಿ ಕಾಣ್ತಿತ್ತಮ್ಮ. ಸಮ ಇರ್ಲಿ ಅಂತ ನಾನೇ ಒಂದು ಗೀಟು ಸೇರಿಸಿದೆ."

ಅವಳು ಅವರ ಟೈ ನೋಡಿದಳು. ಅದೂ ಸಮವಾಗಿತ್ತು.

"ಮುನ್ನೂರ ಹದಿನೇಳನ್ನ ಸಮ ಸಾಲಲ್ಲಿ ಜೋಡಿಸೋಕೇ ಆಗಲ್ಲ. ಆ ಎಣಿಕೇನೂ ಅವಿಭಾಜ್ಯ, ಅದಕ್ಕೇ. ಈಗ ನಿಮ್ಮ ಮೊದಲನೇ ಸಾಲೇ ಇಡೀ ಸಂಖ್ಯೇನ ಶೇಷವಿಲ್ದೆ ಭಾಗಿಸತ್ತೆ. ಮುಖ್ಯಸ್ಥರಿಗೆ ನಾನು ಹೇಳ್ಬೇಕಾ?"

"ಗೋಡೆ ಮೇಲಿನ ಗೀಟು ಯಾರು ಎಣಿಸ್ತಾರೆ, ಹುಚ್ಚಿ?" ಎಂದರು ಶೌಕತ್.

"ಅವರು ಎಣಿಸ್ತಿದ್ರು."

"ಒಂದು ಗೀಟಿಗೋಸ್ಕರ ನನ್ನ ಮಗನ ಹೆಸರು ಕಳೀತೀಯೇನೇ?" ಎಂದರು ಅತ್ತೆ.

"ಆ ಗೀಟು ಇದ್ರೇನೇ ಕಳೆಯೋದು, ಅತ್ತೆ." ಸಹಿ ಮಾಡದೆ ಕಾಗದ ಸುತ್ತಿ ಶೌಕತ್ ಅವರ ಮುಂದಿಟ್ಟಳು. "ಗೀಟು ತೆಗೀರಿ. ಇಲ್ಲ, ಅವರ ಹೆಸರು ತೆಗೆದು ನಿಮ್ಮದು ಹಾಕಿಸಿ. ಒಪ್ಪತ್ತೆ."

ಶೌಕತ್ ಎದ್ದರು. ಅವಳು ಒಳಗೆ ಹೋಗಿ ಒಂದು ದಪ್ಪ ಪುಸ್ತಕ ತಂದಳು. ಶೌಕತ್ ಪ್ಯಾರಿಸ್ಸಿನಿಂದ ಕೊಂಡು ತಂದದ್ದು, ಅವರಿಂದ ವಗ್ದಿ ಎರವಲು ಪಡೆದದ್ದು. ಹಾಳೆಗಳ ಅಂಚು ಕತ್ತರಿಸದೆ ಮಡಿಕೆ ಮಡಿಕೆಯಾಗಿಯೇ ಹೊಲಿದ ಪುಸ್ತಕ; ಮಡಿಕೆ ಸೀಳಿ ಬಿಡಿಸದೆ ಓದಲಾಗದು. ಇಪ್ಪತ್ತು ವರ್ಷ ಹಾಗೆಯೇ ಅವರ ಕಪಾಟಿನಲ್ಲಿ ನಿಂತಿತ್ತು. ವಗ್ದಿ ಅಡುಗೆಮನೆಯ ಚಾಕುವಿನಿಂದ ಒಂದೊಂದೇ ಬಿಡಿಸಿಕೊಂಡು ಓದಿದ್ದ.

"ನಿಮ್ಮ ಪುಸ್ತಕ," ಎಂದಳು. "ಇನ್ನೂರ ಹನ್ನೆರಡನೇ ಪುಟದ ತನಕ ಬಿಡಿಸಿದಾರೆ. ಮುಂದಕ್ಕೆ ಚಾಕು ಬೇಕಾದ್ರೆ ಕೊಡ್ತೀನಿ."