ಹನ್ನೊಂದನೆಯ ಅಂಶ

ಬೇಕಾಗಿದ್ದದ್ದು ಇಪ್ಪತ್ತು ಮನೆ. ‘ಬೇಕು’ ಎಂದು ಒತ್ತಿದ್ದವರು ಮೂರೇ ಮೂರು. ವಿಜ್ಞಾನದ ಮೇಷ್ಟ್ರು ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಬೆಳಕು ಹೆಚ್ಚಾದರೆ ಸಂಖ್ಯೆ ಹೆಚ್ಚಾಗುವುದಿಲ್ಲವೆಂದು ಅವರಿಗೆ ಗೊತ್ತಿಲ್ಲದ್ದೇನಲ್ಲ.

“ನಾಳೆ ಸಂಜೆಗೆ ಕೊನೆ, ಮೇಷ್ಟ್ರೇ,” ಎಂದರು ಹೆಡ್ ಮೇಡಂ. “ಇಪ್ಪತ್ತು ಆಗದಿದ್ರೆ ರಿಪೇರಿ ತರಗತಿ ಈ ವರ್ಷ ಇಲ್ಲ. ಆ ಕೋಣೆ ಪರೀಕ್ಷೆ ತಯಾರಿಗೆ ಹೋಗುತ್ತೆ. ಹೊಸ ನಿಯಮ ನಾನು ಮಾಡಿದ್ದಲ್ಲ.”

“ಮನೆಯವರು ಸುತ್ತೋಲೆ ಓದಿಲ್ಲ ಅನ್ಸುತ್ತೆ, ಮೇಡಂ.”

“ಬರೆದೋರು ನೀವೇ ಅಲ್ವಾ?”

ಹೌದು, ಬರೆದವರು ಅವರೇ. ಪೋಷಕರಿಗೆ ವಾರವಾರವೂ ಫೋನಿಗೆ ಹೋಗುವ ಸುತ್ತೋಲೆಯನ್ನು, ‘ನೀವು ತಪ್ಪಿಲ್ಲದೆ ಬರೀತೀರಿ’ ಎಂಬ ಒಂದೇ ಕಾರಣಕ್ಕೆ, ಹಿಂದೆಂದೋ ಅವರ ಕೊರಳಿಗೆ ಕಟ್ಟಿದ್ದರು. ತಪ್ಪಿಲ್ಲದೆ ಬರೆಯುವುದೆಂದರೆ ಮೇಷ್ಟ್ರ ಲೆಕ್ಕದಲ್ಲಿ ಎಲ್ಲವನ್ನೂ ಬರೆಯುವುದು. ಶುಲ್ಕ ಎಷ್ಟು ಎಂದು ಬರೆದರೆ, ಯಾವ ಸಂದರ್ಭದಲ್ಲಿ ಎಷ್ಟು ವಾಪಸು ಬರುತ್ತದೆ ಎಂದೂ ಬರೆಯಬೇಕು. ರಜೆಯ ನಿಯಮ ಬರೆದರೆ, ಅದು ಯಾರಿಗೆ ಅನ್ವಯಿಸುವುದಿಲ್ಲ ಎಂದೂ ಹೇಳಬೇಕು. ಅವರ ಪ್ರತಿ ಮಾತಿಗೂ ಒಂದು ‘ಆದರೆ’ ಬಾಲದಂತೆ ಅಂಟಿಕೊಂಡಿರುತ್ತಿದ್ದುದರಿಂದ ಮಕ್ಕಳು ಬೆನ್ನ ಹಿಂದೆ ‘ಆದ್ರೆ ಸರ್’ ಎನ್ನುತ್ತಿದ್ದರು.

ಈ ಸಲದ ಸುತ್ತೋಲೆಯಲ್ಲಿ ಹನ್ನೊಂದು ಅಂಶಗಳಿದ್ದವು. ಶುಲ್ಕ, ಸಮವಸ್ತ್ರ, ಫೋನ್ ತರುವ ನಿಯಮ, ಆಯ್ಕೆಯ ತರಗತಿಗಳು, ಹೀಗೆ. ತಮ್ಮ ರಿಪೇರಿ ತರಗತಿಯನ್ನು ಅವರು ಬೇಕೆಂದೇ ಹನ್ನೊಂದನೆಯ ಅಂಶವಾಗಿ ಹಾಕಿದ್ದರು. ಬರೆಯುವ ಕೈ ತನ್ನದೆಂದು ತನ್ನ ತರಗತಿಯನ್ನೇ ಮೇಲೆ ಕೂರಿಸಿಕೊಳ್ಳುವುದು ಸರಿಯಲ್ಲ ಎಂಬ ಸಂಕೋಚ.

ಆ ತರಗತಿ ಅವರ ಜೀವ. ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆಯಲ್ಲಿ ಕೆಟ್ಟ ಫ್ಯಾನು, ತಿರುಗದ ಮಿಕ್ಸಿ, ಬಿಸಿಯಾಗದ ಇಸ್ತ್ರಿಪೆಟ್ಟಿಗೆ, ಮಾತು ನಿಲ್ಲಿಸಿದ ರೇಡಿಯೊ. ಮಕ್ಕಳು ಬಿಚ್ಚುವರು, ಯಾಕೆ ಕೆಟ್ಟಿತೆಂದು ಹುಡುಕುವರು, ಜೋಡಿಸುವರು. ಪುಸ್ತಕದಲ್ಲಿ ವಿದ್ಯುತ್ ಮಂಡಲ ಎಂದರೆ ಆಕಳಿಸುವ ಮಕ್ಕಳು ಇಲ್ಲಿ ಸುಟ್ಟ ತಂತಿಯ ವಾಸನೆ ಹಿಡಿದು, ‘ಸರ್, ಇಲ್ಲೇ ಕಳ್ಳ!’ ಎಂದು ಕೂಗುತ್ತಿದ್ದರು.

ಅಂಥ ತರಗತಿಗೆ ಮೂರು ಮನೆ! ಮಧ್ಯಾಹ್ನದ ಬಿಡುವಿನಲ್ಲಿ ಅವರು ತಂಗಿಗೆ ಫೋನ್ ಮಾಡಿದರು. ತಂಗಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಅವಳ ಮಗಳು ಇದೇ ಶಾಲೆಯ ಒಂಬತ್ತನೇ ತರಗತಿಯಲ್ಲಿದ್ದಳು.

“ನೀನು ‘ಬೇಕು’ ಒತ್ತಿದ್ದೀಯ ತಾನೆ?”

“ಊಟ ಆದ್ಮೇಲೆ, ದಿನಕ್ಕೆ ಎರಡು ಸಲ. ನಿನಗಲ್ಲ ಅಣ್ಣ, ಇಲ್ಲಿ ಒಬ್ರಿಗೆ. ಏನು ಒತ್ತೋದು?”

“ರಿಪೇರಿ ತರಗತಿ.”

“ಅಯ್ಯೋ, ಅದಕ್ಕೆ ‘ಬೇಡ’ ಒತ್ತಿದೆ. ಕರೆಂಟ್ ಹೊಡೆಯುತ್ತಂತಲ್ಲ.”

ಮೇಷ್ಟ್ರು ಊಟದ ಡಬ್ಬಿ ಪಕ್ಕಕ್ಕೆ ಸರಿಸಿದರು. “ಯಾರು ಹೇಳಿದ್ದು?”

“ಶಾಲೆಯೋರೇ ಬರೆದಿದ್ದಾರಂತೆ. ಮಕ್ಕಳ ವ್ಯಾನ್ ಓಡಿಸ್ತಾಳಲ್ಲ, ಆ ವ್ಯಾನಕ್ಕನ ವಾಯ್ಸ್ ಮೆಸೇಜಲ್ಲಿ ಬಂತು.”

“ಶಾಲೆಯೋರು ಅಂದ್ರೆ ನಾನೇ ಕಣೇ! ಆ ಸುತ್ತೋಲೆ ಬರೆಯೋದು ನಾನು!”

“ಹೌದಾ? ಅದು ನೀನು ಬರೆಯೋದಾ?” ತಂಗಿಯ ದನಿಯಲ್ಲಿ ನಿಜವಾದ ಅಚ್ಚರಿಯಿತ್ತು. “ಬೇಜಾರು ಮಾಡ್ಕೋಬೇಡ ಅಣ್ಣ, ಅದನ್ನ ಯಾರೂ ಓದಲ್ಲ. ಮಾತ್ರೆ ಡಬ್ಬಿ ಒಳಗಿನ ಚೀಟಿ ಥರ ಇರುತ್ತೆ. ವ್ಯಾನಕ್ಕ ಓದಿ ಎರಡು ಮಾತಲ್ಲಿ ಹೇಳ್ತಾಳೆ, ನಾವು ಹಾಗೇ ಮಾಡ್ತೀವಿ. ನಿನ್ನ ಸೊಸೆ ಬೇಕೇ ಬೇಕು ಅಂತ ಕುಣಿದಳು, ನಾನೇ ಬೈದೆ. ಇರು, ಕಳಿಸ್ತೀನಿ, ನೀನೇ ಕೇಳು.”

ಮೇಷ್ಟ್ರು ಕೇಳಿದರು. ಹಿನ್ನೆಲೆಯಲ್ಲಿ ಎಂಜಿನ್ನಿನ ಗುರುಗುರು, ಮುಂದೆ ಹೆಂಗಸಿನ ದಪ್ಪ ದನಿ: “ಎಲ್ಲಾರೂ ಕೇಳಿ. ಫೀಸಿನ ಎರಡನೇ ಕಂತು ತಿಂಗಳ ಕೊನೆಗೆ. ಫೋನ್ ತಂದ್ರೆ ಕಿತ್ಕೋತಾರೆ. ರಿಪೇರಿ ಕ್ಲಾಸಲ್ಲಿ ಕರೆಂಟ್ ಹೊಡೆಯುತ್ತೆ ಅಂತ ಅವರೇ ಬರೆದಿದ್ದಾರೆ, ಸಾಮಾನಿಗೆ ಬೇರೆ ದುಡ್ಡು. ‘ಬೇಡ’ ಅಂತ ಒತ್ತಿ. ಅಷ್ಟೇ.”

ಹತ್ತು ಅಂಶಗಳ ಕಥೆ ಹಾಗಿರಲಿ. ಮೇಷ್ಟ್ರು ಹನ್ನೊಂದನೆಯದನ್ನು ತೆರೆದು ತಾವೇ ಬರೆದದ್ದನ್ನು ಓದಿದರು: ‘ಎಲ್ಲ ಮುನ್ನೆಚ್ಚರಿಕೆಗಳನ್ನೂ ವಹಿಸಲಾಗುವುದು, ಆದರೆ ವಿದ್ಯುತ್ ಆಘಾತದ ಸಾಧ್ಯತೆ ಅತ್ಯಲ್ಪವಾದರೂ ಶೂನ್ಯವಲ್ಲ.’ ಈ ವಾಕ್ಯದಲ್ಲಿ ತಪ್ಪೆಲ್ಲಿದೆ? ಯಾವ ಸಾಧ್ಯತೆ ತಾನೇ ಶೂನ್ಯ? ಅವರ ಮೈಯೆಲ್ಲ ಉರಿಯಿತು.

ಸಂಜೆ ಗಂಟೆ ಬಾರಿಸಿದ್ದೇ ತಡ, ಗೇಟಿನ ಬಳಿ ನಿಂತಿದ್ದ ಹಳದಿ ವ್ಯಾನಿನತ್ತ ದಾಪುಗಾಲು ಹಾಕಿದರು. ವ್ಯಾನಕ್ಕ ಸ್ಟಿಯರಿಂಗಿನ ಮೇಲೆ ಮೊಣಕೈ ಊರಿ ಮಕ್ಕಳ ತಲೆ ಎಣಿಸುತ್ತಿದ್ದಳು. ಗಿಡ್ಡ ಕೂದಲು, ಹೆಗಲ ಮೇಲೊಂದು ಟವೆಲ್ಲು. ಗಂಡ ಬಿಟ್ಟುಹೋದ ವ್ಯಾನನ್ನು ಹಿಡಿದು ಸಂಸಾರ ಓಡಿಸುತ್ತಿರುವವಳು.

“ನಾನು ಬರೆಯದೇ ಇರೋದನ್ನ ನೀವು ಊರಿಗೆಲ್ಲ ಹೇಳಿದ್ದೀರಿ,” ಎಂದರು ಮೇಷ್ಟ್ರು ಪೀಠಿಕೆಯಿಲ್ಲದೆ.

“ಏನು ಹೇಳ್ದೆ?”

“ಕರೆಂಟ್ ಹೊಡೆಯುತ್ತೆ ಅಂತ.”

“ಶೂನ್ಯವಲ್ಲ ಅಂತ ಬರೆದಿದ್ರಲ್ಲ ಸರ್. ಶೂನ್ಯ ಅಲ್ಲ ಅಂದ್ರೆ ಇದೆ ಅಂತ ತಾನೆ? ನಾನೂ ಹತ್ತನೇ ಕ್ಲಾಸ್ ಪಾಸು.”

“ಅತ್ಯಲ್ಪ ಅಂತಲೂ ಬರೆದಿದ್ದೆ!”

“ಅಲ್ಪವಾಗಿ ಹೊಡೀಲಿ ಅಂತ ಯಾರು ಮಗೂನ ಕಳಿಸ್ತಾರೆ?”

ವ್ಯಾನಿನೊಳಗೆ ಯಾರೋ ಕಿಸಕ್ಕೆಂದರು. ಮೇಷ್ಟ್ರ ಸಹನೆ ಕಡಿದುಹೋಯಿತು. “ರಸ್ತೆ ದಾಟೋದ್ರಲ್ಲೂ ಅಪಾಯ ಶೂನ್ಯವಲ್ಲ! ಮೆಟ್ಟಿಲು ಇಳಿಯೋದ್ರಲ್ಲೂ ಶೂನ್ಯವಲ್ಲ! ನಿಮ್ಮ ಈ ವ್ಯಾನಿದೆಯಲ್ಲ, ಇದರಲ್ಲೂ ಶೂನ್ಯವಲ್ಲ!”

ಮಕ್ಕಳು ಕಿಟಕಿಗೆ ಮುಖ ಒತ್ತಿದರು. ವ್ಯಾನಕ್ಕ ಅವರನ್ನೊಮ್ಮೆ ನೋಡಿದಳು, ಬಾಗಿಲೆಳೆದುಕೊಂಡಳು, ಹೊರಟುಹೋದಳು. ಮೇಷ್ಟ್ರಿಗೆ ಒಂದು ಕ್ಷಣ ಗೆದ್ದಂತೆನಿಸಿತು. ಆ ಗೆಲುವು ಬೆಳಗಿನವರೆಗೂ ಬಾಳಲಿಲ್ಲ.

ಮರುದಿನ ಮೊದಲ ತರಗತಿಗೆ ಮುಂಚೆಯೇ ವ್ಯಾನಕ್ಕ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೆಂಪಗಿತ್ತು, ಮುಖ ಗಂಟುಹಾಕಿತ್ತು.

“ಖುಷಿನಾ ಸರ್? ವ್ಯಾನ್ ಸೇಫ್ ಅಲ್ಲ ಅಂತ ಸೈನ್ಸ್ ಸರ್ರೇ ಹೇಳಿದ್ರು ಅಂತ ಮಕ್ಕಳು ಮನೇಲಿ ಊದಿದ್ದಾರೆ. ನಿನ್ನೆ ಸಂಜೆಯಿಂದ ಫೋನ್ ಕೆಳಗಿಟ್ಟಿಲ್ಲ ನಾನು. ಬ್ರೇಕ್ ಇಲ್ವಂತೆ ಅಂತ ಒಬ್ರು, ಟೈರ್ ಸವೆದಿದೆಯಂತೆ ಅಂತ ಇನ್ನೊಬ್ರು. ನಾಲ್ಕು ಮನೆಯೋರು ಇವತ್ತು ಮಕ್ಕಳನ್ನ ಬೇರೆ ಗಾಡೀಲಿ ಕಳಿಸಿದ್ದಾರೆ.”

“ನಾನು ಹಾಗೆ ಹೇಳಲಿಲ್ಲ. ನಾನು ಹೇಳಿದ್ದು...” ಮೇಷ್ಟ್ರು ಅರ್ಧಕ್ಕೇ ನಿಂತರು. ನಿನ್ನೆ ತಾವು ಆಡಿದ್ದು ಆ ಮಾತನ್ನೇ. ಸುಳ್ಳಂತೂ ಅಲ್ಲ. ಅದೇ ಸುಳ್ಳಲ್ಲದ ಮಾತು ಒಂದೇ ಸಂಜೆಯಲ್ಲಿ ಈ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಿತ್ತು.

“ಕೂತ್ಕೊಳ್ಳಿ,” ಎಂದರು.

“ಕೂರೋಕೆ ಬಂದಿಲ್ಲ. ವ್ಯಾನ್ ಸೇಫ್ ಅಂತ ಬರೆದು ಕಳಿಸಿ. ಈಗಲೇ.”

“ಬರೀತೀನಿ. ಆದರೆ ಪೂರ್ತಿ ಸೇಫ್ ಅಂತ...”

“ಬಂತು ನಿಮ್ಮ ಆದರೆ!”

ಮೇಷ್ಟ್ರು ತುಟಿ ಕಚ್ಚಿದರು. ಅಪಾಯವೇ ಇಲ್ಲವೆಂದು ಬರೆಯಲು ಕೈ ಬಾರದು. ಇದೆಯೆಂದು ಬರೆದರೆ ಇವಳ ಕಥೆ ಮುಗಿಯಿತು. ಹಾಗಾದರೆ ಬರೆಯುವುದೇನನ್ನು? ಬೇರೆ ದಾರಿ ಕಾಣದೆ ಪ್ರಶ್ನೆ ಕೇಳತೊಡಗಿದರು. ಎಷ್ಟು ವರ್ಷದಿಂದ ಓಡಿಸ್ತಿದ್ದೀರಿ? ಅಪಘಾತ? ಬ್ರೇಕ್ ಯಾರು ನೋಡ್ತಾರೆ, ಎಷ್ಟು ದಿನಕ್ಕೊಮ್ಮೆ? ಅವಳು ಮೊದಲು ಸಿಡುಕಿದಳು, ಆಮೇಲೆ ಹೇಳಿದಳು. ಮೇಷ್ಟ್ರು ಬರೆದು ಓದಿದರು: “ವ್ಯಾನಕ್ಕ ಒಂಬತ್ತು ವರ್ಷದಿಂದ ನಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಾರೆ. ಇದುವರೆಗೆ ಒಂದು ಅಪಘಾತವೂ ಆಗಿಲ್ಲ. ಪ್ರತಿ ತಿಂಗಳೂ ಬ್ರೇಕ್ ಮತ್ತು ಟೈರನ್ನು ಮೆಕ್ಯಾನಿಕ್ ನೋಡುತ್ತಾರೆ. ನಿನ್ನೆ ನಾನು ಸಿಟ್ಟಿನಲ್ಲಿ ಆಡಿದ ಮಾತಿಗೆ ಬೇರೆ ಅರ್ಥವಿಲ್ಲ, ತಪ್ಪು ನನ್ನದು.”

ವ್ಯಾನಕ್ಕ ಕಣ್ಣು ಕಿರಿದು ಮಾಡಿ ಕೇಳಿದಳು. “ಇದರಲ್ಲಿ ಸುಳ್ಳೇನಾದ್ರೂ ಇದೆಯಾ?”

“ಇಲ್ಲ.”

“ಹಾಗಿದ್ರೆ ನಿಮ್ಮ ಕ್ಲಾಸಿಗೂ ಹೀಗೇ ಬರೆಯೋಕೆ ಏನು ರೋಗ ಬಂದಿತ್ತು? ಯಾವ ಮಗುಗಾದ್ರೂ ಹೊಡೆದಿದೆಯಾ ಕರೆಂಟು?”

“ಇಲ್ಲ. ಪ್ಲಗ್ಗು ಕಿತ್ತು ಮಗುವಿನ ಕಣ್ಣೆದುರು ಮೇಜಿನ ಮೇಲೆ ಇಟ್ಟ ಮೇಲೇ ಸ್ಕ್ರೂಡ್ರೈವರ್ ಕೊಡೋದು. ಕೊನೇಲಿ ಸ್ವಿಚ್ ಹಾಕಿ ನೋಡೋದು ನಾನೊಬ್ಬನೇ. ಆದರೆ ಒಂದ್ಸಲ ಒಬ್ಬನ ಬೆರಳಿಗೆ ಸ್ಕ್ರೂಡ್ರೈವರ್ ಚುಚ್ಚಿತ್ತು.”

“ಪೆನ್ಸಿಲೂ ಚುಚ್ಚುತ್ತೆ ಸರ್. ಇಷ್ಟು ಚೆನ್ನಾಗಿ ಬಾಯಲ್ಲಿ ಹೇಳ್ತೀರಿ, ಬರೆಯೋಕೆ ಕೂತ್ರೆ ಯಾಕೆ ವಕೀಲರಾಗ್ತೀರಿ?”

ಮೇಷ್ಟ್ರು ಬರೆದದ್ದನ್ನು ಕೈಗೆತ್ತಿಕೊಂಡರು. ಎದ್ದು ಸೀದಾ ಹೆಡ್ ಮೇಡಂ ಕೋಣೆಗೆ ಹೋದರು. ವ್ಯಾನಿನ ವಿಷಯಕ್ಕೆ ಮೇಡಂ ತಕ್ಷಣ ಒಪ್ಪಿದರು. ಅವರಿಗೂ ಫೋನುಗಳು ಬಂದಿದ್ದವು. ರಿಪೇರಿ ತರಗತಿಯ ಮಾತೆತ್ತಿದಾಗ ಆಗದೆಂದು ತಲೆಯಾಡಿಸಿದರು.

“ನಿಮ್ಮ ತರಗತಿಗೆ ಎರಡನೇ ಸಲ ಬರೆದ್ರೆ, ಸಂಗೀತದ ಮೇಡಂ ಸುಮ್ನಿರ್ತಾರಾ? ಅವರದ್ದೂ ಹದಿನಾಲ್ಕಕ್ಕೇ ನಿಂತಿದೆ. ಸಂಜೆ ಆಯ್ಕೆ ಮುಚ್ಚಿದ ಮೇಲೆ ಎರಡರ ಫಲಿತಾಂಶ ಹಾಕಿ. ವಿವರಣೆ ಬೇಡ.”

ನಿಯಮ ನಿಯಮವೇ, ವಾದಿಸಿ ಫಲವಿಲ್ಲ. ಸಂಗೀತದವರ ಹೆಸರಿಗೆ ಹೇಗೋ ಇಪ್ಪತ್ತಾಯಿತು. ರಿಪೇರಿಯದ್ದು ನಾಲ್ಕಕ್ಕೆ ಬಂದು ನಿಂತಿತು, ನಾಲ್ಕನೆಯವಳು ತಂಗಿ. ಮೇಷ್ಟ್ರು ವ್ಯಾನಿನ ಮಾತುಗಳನ್ನು ಹಾಕಿದರು, ಸಂಗೀತ ಇರುತ್ತದೆ ಎಂದು ಹಾಕಿದರು, ಕೊನೆಗೆ ‘ರಿಪೇರಿ ತರಗತಿಯನ್ನು ಈ ವರ್ಷ ಮುಚ್ಚಲಾಗಿದೆ’ ಎಂದು ಬರೆದು ಬೆರಳು ಹಿಂತೆಗೆದರು. ಅವರ ಕೈಯಿಂದ ಇಷ್ಟು ಚಿಕ್ಕ ಸುತ್ತೋಲೆ ಎಂದೂ ಹೊರಟಿರಲಿಲ್ಲ. ಆಮೇಲೆ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಸ್ಕ್ರೂಡ್ರೈವರುಗಳನ್ನು ಅಳತೆ ಪ್ರಕಾರ ಪೆಟ್ಟಿಗೆಗೆ ತುಂಬಿದರು. ಅರ್ಧ ಬಿಚ್ಚಿದ ಒಂದು ಫ್ಯಾನನ್ನು ಏನು ಮಾಡಬೇಕೆಂದು ತೋಚದೆ ಅಲ್ಲೇ ಬಿಟ್ಟರು.

ಮರುದಿನ ಶಾಲೆಯ ಫೋನಿಗೆ ಪುರುಸೊತ್ತಿರಲಿಲ್ಲ.

ಚಿಕ್ಕದಾಗಿದ್ದುದರಿಂದ ಸುತ್ತೋಲೆಯನ್ನು ಎಲ್ಲರೂ ಓದಿಬಿಟ್ಟಿದ್ದರು! ವ್ಯಾನಕ್ಕ ತನ್ನ ವ್ಯಾನಿನ ಭಾಗವನ್ನು ಒಂದಕ್ಷರ ಬಿಡದೆ ಓದಿ ಕಳಿಸಿದ್ದಳು, ಅದರ ಬಾಲಕ್ಕೆ ತನ್ನದೂ ಒಂದು ಮಾತು ಸೇರಿಸಿದ್ದಳು: “ಪ್ಲಗ್ಗು ಕಣ್ಣೆದುರು ಇಟ್ಟೇ ಬಿಚ್ಚಿಸ್ತಿದ್ರಂತೆ, ಒಂದು ಮಗುಗೂ ಕರೆಂಟ್ ಹೊಡೆದಿಲ್ವಂತೆ. ನಾನು ಮೊದಲು ಹೇಳಿದ್ದು ತಪ್ಪು. ಅಂಥಾ ಕ್ಲಾಸು ಮುಚ್ಚಿಬಿಟ್ರು ನೋಡಿ.”

ಇನ್ನು ಕೇಳಬೇಕೆ? ಮೇಷ್ಟ್ರನ್ನು ಕಚೇರಿಗೆ ಕರೆಸಿ ಫೋನಿನ ಮುಂದೆ ಕೂರಿಸಿದರು.

“ಮುಚ್ಚೋ ಮುಂಚೆ ನಮ್ಮನ್ನ ಒಂದು ಮಾತು ಕೇಳಬೇಕಿತ್ತಲ್ವಾ ಸರ್?” ಎಂದರೊಬ್ಬ ತಂದೆ.

“ಕೇಳಿದ್ವಿ. ಕಳೆದ ವಾರದ ಸುತ್ತೋಲೆ, ಹನ್ನೊಂದನೇ ಅಂಶ.”

“ಹನ್ನೊಂದರ ತನಕ ಯಾರು ಹೋಗ್ತಾರೆ ಸರ್!”

“ನಮ್ಮ ಹುಡುಗಿ ಅಳ್ತಾ ಕೂತಿದ್ದಾಳೆ,” ಎಂದರು ಒಬ್ಬ ತಾಯಿ. ಆಕೆ ‘ಬೇಡ’ ಒತ್ತಿದ್ದನ್ನು ಮೇಷ್ಟ್ರು ಫಲಿತಾಂಶದ ಪಟ್ಟಿಯಲ್ಲಿ ಕಣ್ಣಾರೆ ಕಂಡಿದ್ದರು. ಆದರೂ ‘ಸಮಾಧಾನ ಹೇಳಿ’ ಎಂದರು. ಒಬ್ಬ ಅಜ್ಜನಂತೂ, ಮಕ್ಕಳ ಭವಿಷ್ಯ ಹಾಳುಮಾಡುವ ನೀವೆಂಥ ಮೇಷ್ಟ್ರು ಎಂದು ಉಸಿರು ಬಿಡದೆ ಬೈದು, ಕೊನೆಯಲ್ಲಿ ‘ಮೊಮ್ಮಗ ಯಾವ ಕ್ಲಾಸು ಅಂತ ವಿಚಾರಿಸಿ ಹೇಳ್ತೀನಿ’ ಎಂದು ಫೋನಿಟ್ಟ. ತರಗತಿ ಕಳೆದುಕೊಂಡವರೂ ತಾವೇ, ಮುಚ್ಚಿದ್ದಕ್ಕೆ ಬೈಸಿಕೊಳ್ಳುವವರೂ ತಾವೇ. ಮೇಷ್ಟ್ರಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆಡ್ ಮೇಡಂ ಕೈಚೆಲ್ಲಿದರು. “ಸೋಮವಾರದ ತನಕ ಆಯ್ಕೆ ಮತ್ತೆ ತೆರೀತೀನಿ. ಆಡಳಿತದವರಿಗೆ ನಾನು ಹೇಳ್ಕೋತೀನಿ. ಬರೀರಿ. ದಯವಿಟ್ಟು ಚಿಕ್ಕದಾಗಿ.”

“ಅಪಾಯದ ವಿಷಯ ಬಿಡೋಕಾಗಲ್ಲ, ಮೇಡಂ. ಬಿಟ್ರೆ ಮೋಸ ಆಗುತ್ತೆ.”

“ಬಿಡಿ ಅಂದೋರ್ಯಾರು? ಜನ ಹೆದರಿ ಓಡದ ಹಾಗೆ ಹೇಳಿ ಅಂತಿದ್ದೀನಿ.”

ಮೇಷ್ಟ್ರು ಬಹಳ ಹೊತ್ತು ಕೂತರು. ಬರೆದರು, ಅಳಿಸಿದರು. ಪ್ಲಗ್ಗಿನ ಮಾತು ಸೇರಿಸಿದರೆ ಸ್ವಿಚ್ಚಿನದೂ ಬೇಕು, ಸ್ವಿಚ್ಚಿನದು ಬಂದರೆ ಬೆರಳಿನದೂ ಬೇಕು. ನೋಡನೋಡುತ್ತ ಮತ್ತೆ ಅದೇ ಮಾತ್ರೆಯ ಚೀಟಿ. ಕೊನೆಗೆ ಎಲ್ಲವನ್ನೂ ಒರೆಸಿ ಹೀಗೆ ಬರೆದರು: ‘ರಿಪೇರಿ ತರಗತಿಗೆ ಸೋಮವಾರದವರೆಗೆ ಆಯ್ಕೆ ತೆರೆದಿದೆ. ಶನಿವಾರ ಕೋಣೆ ತೆರೆದಿರುತ್ತದೆ. ಮಕ್ಕಳ ಜೊತೆ ಬನ್ನಿ, ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ಜಾಗ್ರತೆ ಬೇಕು ಎಂದು ಕಣ್ಣಾರೆ ನೋಡಿ, ಕೈಯಾರೆ ಒಂದು ಸ್ಕ್ರೂ ಬಿಚ್ಚಿ, ಆಮೇಲೆ ‘ಬೇಕು’ ‘ಬೇಡ’ ತೀರ್ಮಾನಿಸಿ.’

ಹೇಳಬೇಕಾದ್ದನ್ನು ಜನರ ಎದುರು ನಿಂತು ಬಾಯಲ್ಲಿ ಹೇಳಬಹುದು. ಅನುಮಾನವಿದ್ದವರು ಅಲ್ಲೇ ಕೇಳಬಹುದು. ಎರಡು ಸಲ ಓದಿದರು. ಸುಳ್ಳಿಲ್ಲ, ಬಾಲವಿಲ್ಲ. ಮೇಡಂ ಓದಿ ‘ಪರವಾಗಿಲ್ವೇ!’ ಎಂದರು. ಮೇಷ್ಟ್ರು ಕಳಿಸಿ, ಎಷ್ಟೋ ದಿನಗಳ ಮೇಲೆ ನೆಮ್ಮದಿಯಿಂದ ಬೆನ್ನು ಒರಗಿಸಿದರು.

ಬೆನ್ನು ಕುರ್ಚಿಗೆ ತಾಗುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅದನ್ನೆತ್ತುವ ಮುಂಚೆ ಕಚೇರಿಯ ಇನ್ನೊಂದು ಫೋನೂ ಕೂಗಿತು. ಜೇಬಿನಲ್ಲಿದ್ದ ಅವರ ಸ್ವಂತ ಫೋನು ಒಂದೇ ಸಮನೆ ನಡುಗತೊಡಗಿತು. ತಂಗಿ, ವ್ಯಾನಕ್ಕ, ಸಂಗೀತದ ಮೇಡಂ. ಮೇಷ್ಟ್ರು ಎದುರಿದ್ದದ್ದನ್ನು ಎತ್ತಿದರು.

“ಸರ್, ಬರ್ತೀವಿ, ಬರ್ತೀವಿ. ಆದ್ರೆ ಶನಿವಾರ ಎಷ್ಟು ಗಂಟೆಗೆ ಅಂತ ಬರೆದೇ ಇಲ್ವಲ್ಲ!”