ಅನಘಾಳಿಗೆ ಬರಬೇಕಿದ್ದ ಬಾತಾ

ವಿಜಯನಗರದ ಆ ಮನೆಯಲ್ಲಿ ಭಾಷೆಗಳಿಗೇನೂ ಬರವಿರಲಿಲ್ಲ. ಡಾಕ್ಟರ್ ಕೊಟ್ರೇಶ್ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಎಂಬಿಬಿಎಸ್ ಓದಿದವನು. ಬರುವಾಗ ಡಿಗ್ರಿಯ ಜೊತೆ ರಷ್ಯನ್ ಭಾಷೆಯನ್ನೂ ಬೆರ್ಮೆತ್ ಎಂಬ ಕಿರ್ಗಿಜ್ ಹುಡುಗಿಯನ್ನೂ ಕರೆತಂದಿದ್ದ. ಗಂಡ ಹೆಂಡತಿಯ ಮಾತು ರಷ್ಯನ್ನಿನಲ್ಲಿ, ಸ್ಕೂಲು ಇಂಗ್ಲಿಷಿನಲ್ಲಿ, ಅತ್ತೆ ನೀಲಗಂಗಮ್ಮನ ಗದರಿಕೆ ಕನ್ನಡದಲ್ಲಿ. ಆರು ವರ್ಷದ ಅನಘಾ ಮೂರರಲ್ಲೂ ಅರಳು ಹುರಿದಂತೆ ಮಾತಾಡುತ್ತಿದ್ದಳು.

ಕಿರ್ಗಿಜ್ ಮಾತ್ರ ಹೊಸ್ತಿಲಾಚೆ. "ಅದನ್ನ ಕಲಿತು ಮಗು ಏನು ಕುರಿ ಕಾಯೋಕೆ ಹೋಗ್ಬೇಕಾ?" ಎಂದು ಕೊಟ್ರೇಶ್ ಒಮ್ಮೆ ಕೇಳಿದ್ದ. ದೊಡ್ಡ ಮನುಷ್ಯ! ಬೆರ್ಮೆತ್‌ಗೆ ಆ ಮಾತು ಹೊಸದಲ್ಲ. ಹಳ್ಳಿಯಿಂದ, ರಷ್ಯನ್ ಆಡುವುದೇ ದೊಡ್ಡಸ್ತಿಕೆಯಾದ ಬಿಷ್ಕೆಕ್‌ಗೆ ಬಂದು ಕಿರ್ಗಿಜ್‌ನಲ್ಲಿ ಬಾಯಿ ತೆರೆದಾಗ ಅವಳ ದೇಶದವರೇ ಕಿಸಕ್ಕೆಂದಿದ್ದರು. ತನ್ನ ನೆಲದಲ್ಲೇ ನುಂಗಿಕೊಂಡ ಮಾತನ್ನು ಇಲ್ಲಿ ಯಾರ ಮುಂದೆ ಆಡಬೇಕು? ಮಗಳಿಗೆ ಕಲಿಸಲೇ ಇಲ್ಲ. ಒಳ್ಳೆ ಸೊಸೆ ಎನಿಸಿಕೊಂಡಳು, ಅಷ್ಟೇ ಲಾಭ.

ಒಂದು ಭಾನುವಾರ ಬೆಳಿಗ್ಗೆ ನಾರಿನ್ ಬೆಟ್ಟದ ಹಳ್ಳಿಯಿಂದ ಅವಳ ತಮ್ಮ ವಿಡಿಯೋ ಕಾಲ್ ಮಾಡಿದ. ಅಮ್ಮನಿಗೆ ಇನ್ನು ಹೆಚ್ಚು ದಿನವಿಲ್ಲ. ಮೊಮ್ಮಗಳಿಗೆ ಬಾತಾ ಕೊಟ್ಟೇ ಕಣ್ಣು ಮುಚ್ಚುತ್ತೇನೆಂದು ಹಟ ಹಿಡಿದಿದ್ದಾಳೆ ಎಂದ. ಬಾತಾ ಎಂದರೆ ಹಿರಿಯರ ಆಶೀರ್ವಾದ. ಅವರು ಎರಡೂ ಅಂಗೈ ಬಿಡಿಸಿ ಹಾರೈಸಬೇಕು. ಕಿರಿಯರು ಅಂಗೈ ಚಾಚಿ ಕೇಳಿ, ಕೊನೆಗೆ 'ಓಮಿಯಿನ್' ಎಂದು ಮುಖ ಸವರಿಕೊಳ್ಳಬೇಕು. ಮಗಳಿಗೆ ಅದೊಂದು ಸಿಗಲಿ ಎಂದು ಬೆರ್ಮೆತ್‌ಳ ಜೀವ ಹಾತೊರೆಯಿತು. ತವರಿನಿಂದ ಆ ಮಗುವಿಗೆ ಬೇರೇನೂ ಬಂದಿರಲಿಲ್ಲ.

ಅನಘಾಳ ಅಂಗೈ ಬಿಡಿಸಿ ಫೋನಿನ ಮುಂದೆ ಕೂರಿಸಿದಳು. ಅಜ್ಜಿ ದಿಂಬಿಗೊರಗಿ, ಎರಡೂ ಅಂಗೈ ಬಿಡಿಸಿ ಎತ್ತಿ, "ನನ್ನ ಕುರಿಮರೀ" ಎಂದು ಕಿರ್ಗಿಜ್‌ನಲ್ಲಿ ಶುರು ಮಾಡಿದಳು. ಮಗು ಪಿಳಿಪಿಳಿ ನೋಡಿತು. "ಮಾತಾಡು ಪುಟ್ಟಾ, ಅಜ್ಜಿ ಹತ್ರ ಮಾತಾಡು!" ಎಂದು ಕೊಟ್ರೇಶ್ ಪಕ್ಕದಿಂದ ತಿವಿದ. ಅನಘಾ ಎದ್ದು ನಿಂತು ಚೊಕ್ಕ ರಷ್ಯನ್ನಿನಲ್ಲಿ ಒಪ್ಪಿಸಿದಳು: "ನಿಮ್ಮ ಮಾತು ಅರ್ಥವಾಗಲಿಲ್ಲ. ದಯವಿಟ್ಟು ರಷ್ಯನ್ನಿನಲ್ಲಿ ಹೇಳಿ."

ಅಜ್ಜಿಯ ಮುಖ ಪೆಚ್ಚಾಯಿತು. ಅಂಗೈಗಳು ಮಡಚಿಕೊಂಡವು. ಪಾಪ, ಆಸ್ಪತ್ರೆಯಲ್ಲಿ, ಪಿಂಚಣಿ ಕಚೇರಿಯಲ್ಲಿ ಆಯುಷ್ಯವಿಡೀ ಅವಳು ಕೇಳಿಸಿಕೊಂಡ ಮಾತೇ ಅದು. ತಲೆಗೆ ಕಟ್ಟಿದ ಬಟ್ಟೆ ಸರಿಮಾಡಿಕೊಂಡು, ತನ್ನ ಹರಕುಮುರುಕು ರಷ್ಯನ್ನಿನಲ್ಲಿ, "ತಪ್ಪಾಯಿತು, ಕ್ಷಮಿಸಿ. ನನಗೆ ಅಷ್ಟು ಬರುವುದಿಲ್ಲ" ಎಂದು ಆರು ವರ್ಷದ ಕೂಸಿಗೆ ತಲೆ ಬಾಗಿಸಿದಳು. "ಅಪಾ! ಅಪಾ!" ಎಂದು ಬೆರ್ಮೆತ್ ತನ್ನಮ್ಮನನ್ನು ಕೂಗುವಷ್ಟರಲ್ಲಿ ಕಾಲ್ ಕಟ್ಟಾಯಿತು.

"ಅರೆ, ನಿಮ್ಮಮ್ಮಂಗೂ ರಷ್ಯನ್ ಬರುತ್ತಲ್ಲೇ! ಹೇಳೇ ಇರ್ಲಿಲ್ಲ!" ಕೊಟ್ರೇಶ್ ಹಲ್ಲು ಕಿರಿದ. ಥೂ, ಇವನ ಓದಿಗಿಷ್ಟು!

ಬೆರ್ಮೆತ್ ಮತ್ತೆ ಮತ್ತೆ ಫೋನ್ ಒತ್ತಿದಳು. ಕೊನೆಗೆ ತಮ್ಮ ಎತ್ತಿದ. "ಬೇಡವಂತೆ ಅಕ್ಕಾ. ಅರ್ಥವಾಗದವರಿಗೆ ಬಾತಾ ಕೊಟ್ಟು ಅದಕ್ಕೆ ಅವಮಾನ ಮಾಡಬಾರದು ಅಂತಾಳೆ. ಗೋಡೆ ಕಡೆ ತಿರುಗಿ ಮಲಗಿದಾಳೆ."

ದೋಸೆ ಕಾವಲಿ ಬಿಟ್ಟು ಬಂದ ನೀಲಗಂಗಮ್ಮ ಸೊಸೆಯ ಭುಜ ಹಿಡಿದಳು. ಅವಳಿಗೆ ಒಂದಕ್ಷರವೂ ತಿಳಿದಿರಲಿಲ್ಲ, ಕಣ್ಣಿಗೆ ಕಂಡದ್ದಷ್ಟೇ ಗೊತ್ತಿತ್ತು. "ಯವ್ವಾ, ಆಕಿ ಹರಸಾಕ ಕೈ ಎತ್ತಿದ್ದಳು. ಯಾಕ ಇಳಿಸಿದಳು?"

ಬೆರ್ಮೆತ್ ಬಾಯಿ ತೆರೆದಳು. ರಷ್ಯನ್ ಬರಲಿಲ್ಲ, ಕನ್ನಡ ಬರಲಿಲ್ಲ. ಆ ಮನೆಯವರೊಡನೆ ಮೊದಲ ಸಲ ಕಿರ್ಗಿಜ್ ಬಾಯಿಗೆ ಬಂತು. ಎದೆ ಬಡಿದುಕೊಂಡು, ಇಷ್ಟು ವರ್ಷದ್ದೆಲ್ಲ ಸೇರಿಸಿ, ಬಿಕ್ಕಿ ಬಿಕ್ಕಿ ಹೇಳಿದಳು. ಯಾರಿಗೂ ಏನೂ ತಿಳಿಯಲಿಲ್ಲ.

ಅನಘಾ ಅಪ್ಪನ ಹಿಂದೆ ಅಡಗಿಕೊಂಡಳು. "ಪಪ್ಪಾ, ಮಮ್ಮಿ ಯಾಕೆ ಹೀಗೆ ಏನೇನೋ ಸೌಂಡ್ ಮಾಡ್ತಿದಾಳೆ?"