ಫ್ಲೆಕ್ಸಿನಲ್ಲಿ ಅಚ್ಚಾದ ಪಾಸ್‌ವರ್ಡ್

ವಾರ್ಡು ಈ ಸಲ ಮಹಿಳೆಗೆ ಮೀಸಲು ಎಂಬ ಸುದ್ದಿ ಬಂದ ದಿನ ಮರಿಯಣ್ಣನವರು ಮಧ್ಯಾಹ್ನದ ಊಟ ಬಿಟ್ಟರು. ಕಾರ್ಪೊರೇಟರ್ ಆಗಬೇಕೆಂದು ವರ್ಷಗಟ್ಟಲೆ ಜಗಲಿಯ ಮೇಲೆ ಕೂತು ಊರವರ ಕಷ್ಟ ಸುಖ ಕೇಳಿದ ಮನುಷ್ಯ, ಪಾಪ. ಆದರೆ ರಾತ್ರಿ ಊಟಕ್ಕೆ ಬರುವಷ್ಟರಲ್ಲಿ ಮುಖ ಮತ್ತೆ ಅರಳಿತ್ತು. ಎರಡನೇ ಸಲ ಸಾರು ಹಾಕಿಸಿಕೊಳ್ಳುತ್ತಾ ಸೊಸೆಯನ್ನು ನೋಡಿ, "ನೀನು ಸ್ವಲ್ಪ ಮೈ ತುಂಬ್ಕೋಬೇಕು ಕಣಮ್ಮ, ಫೋಟೋದಲ್ಲಿ ತೂಕ ಕಾಣಲ್ಲ" ಎಂದರು. ವಾಣಿಗೆ ಆಗ ಅರ್ಥವಾಗಲಿಲ್ಲ. ಮುಂದಿನ ವಾರ ಗೇಟಿಗೆ ಫ್ಲೆಕ್ಸ್ ಕಟ್ಟಿದಾಗ ಅರ್ಥವಾಯಿತು.

ಚಾಮರಾಜಪೇಟೆಯ ಆ ಹಳೇ ಮನೆಯ ಅರ್ಧ ಮುಖ ಮುಚ್ಚುವಷ್ಟು ದೊಡ್ಡ ಫ್ಲೆಕ್ಸ್ ಅದು. ಮೇಲೆ ಪಕ್ಷದ ಮುಖಂಡರ ತಲೆಗಳ ಸಾಲು, ನಡುವೆ ವಾಣಿ. ಫೋಟೋ ನಾದಿನಿಯ ಮದುವೆಯದು. ಪಕ್ಕದಲ್ಲಿ ನಿಂತಿದ್ದ ಗಂಡ ಅನಿಲ್ ಕುಮಾರನನ್ನು ಕತ್ತರಿಸಿ ತೆಗೆದಿದ್ದರೂ ಅವನ ಬೆರಳುಗಳು ಮಾತ್ರ ಅವಳ ಭುಜದ ಮೇಲೆ ಉಳಿದುಬಿಟ್ಟಿದ್ದವು. ಕೆಳಗೆ ದಪ್ಪ ಹಳದಿ ಅಕ್ಷರಗಳಲ್ಲಿ, 'ಶ್ರೀಮತಿ ವಾಣಿ ಅನಿಲ್ ಕುಮಾರ್ ಅವರ ವತಿಯಿಂದ ಸಾರ್ವಜನಿಕರಿಗೆ ಉಚಿತ ವೈಫೈ.' ಅದರ ಕೆಳಗೆ ವೈಫೈನ ಹೆಸರು ಮತ್ತು ಪಾಸ್‌ವರ್ಡ್. ಪಾಸ್‌ವರ್ಡ್ ಎಂದರೆ ಇಂಗ್ಲಿಷಿನಲ್ಲಿ ಅವಳ ಹೆಸರು, ಅದರ ಬಾಲಕ್ಕೆ ವಾರ್ಡಿನ ನಂಬರು. ಇದಿಷ್ಟನ್ನೂ ಮಾಡುವ ಮುಂಚೆ ಮನೆಯಲ್ಲಿ ಯಾರೊಬ್ಬರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ.

"ನಿಲ್ಲೋದು ಹೆಸರಿಗೆ ಮಾತ್ರ ಕಣೇ. ಓಡಾಡೋದೆಲ್ಲ ಅಪ್ಪ ನೋಡ್ಕೋತಾರೆ" ಎಂದ ಅನಿಲ್. ಅವಳು ಒಲ್ಲೆ ಎಂದಳು. ಮನೆಯವರೆಲ್ಲ ಅದನ್ನು ನಾಚಿಕೆ ಎಂದುಕೊಂಡು ಸಂತೋಷಪಟ್ಟರು.

ಅವಳು ಒಲ್ಲೆ ಎಂದದ್ದು ಮೇಲಿನ ಕೋಣೆಗಾಗಿ. ಆ ಕೋಣೆಯಲ್ಲಿ ಅವಳಿಗೊಂದು ಕೆಲಸವಿತ್ತು. ಆರೋಗ್ಯ ವಿಮೆಯ ಕಂಪನಿಗೆ ಆಸ್ಪತ್ರೆಗಳಿಂದ ಬರುವ ಕಾಗದಪತ್ರ ಓದಿ, ಈ ರೋಗಿಗೆ ಕೊಟ್ಟ ಚಿಕಿತ್ಸೆ ಸರಿಯೋ ಅಲ್ಲವೋ ಎಂದು ಹೇಳುವುದು. ಮದುವೆಯಾದಾಗ ಆಫೀಸಿಗೆ ಹೋಗುವ ಕೆಲಸವೊಂದನ್ನು ಬಿಡಿಸಿದ್ದರು. ಕೊರೊನಾ ಬಂದು ಜಗತ್ತೇ ಮನೆಯೊಳಗೆ ಕೂತಾಗ, 'ಮನೇಲೇ ಕೂತು ಮಾಡೋದಾದ್ರೆ ಮಾಡ್ಲಿ' ಎಂದು ಮರಿಯಣ್ಣನವರು ಅಪ್ಪಣೆ ಕೊಟ್ಟಿದ್ದರು. ಕೆಳಗೆ ಅವಳು ಸೊಸೆ, ಅತ್ತಿಗೆ, ಈಗ ಅಭ್ಯರ್ಥಿ. ಮೇಲೆ ಮಾತ್ರ ಅವಳು ಸರಿ ಎಂದರೆ ಸರಿ, ತಪ್ಪು ಎಂದರೆ ತಪ್ಪು. ದಿನದಲ್ಲಿ ಅಷ್ಟು ಹೊತ್ತು ಅವಳ ಮಾತಿಗೆ ಬೆಲೆಯಿತ್ತು. ಅದನ್ನು ಕಳೆದುಕೊಂಡರೆ ತನಗೆ ತಲೆ ಕೆಡುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಲ್ಯಾಪ್‌ಟಾಪ್ ತೆರೆದರೆ ತೆರೆಯ ಮೇಲೆ ಕೆಂಪು ಪಟ್ಟಿ. ನೀವು ಬಳಸುತ್ತಿರುವ ಜಾಲ ಸುರಕ್ಷಿತವಲ್ಲ, ಇವತ್ತು ಸಂಜೆಯೊಳಗೆ ಸರಿಪಡಿಸಿ ಎಂಬ ಎಚ್ಚರಿಕೆ. ಕಂಪನಿಯಲ್ಲಿ ಇಂಥದ್ದನ್ನು ನೋಡಿಕೊಳ್ಳುವ ಹುಡುಗ ಕೇದಾರನಿಗೆ ಫೋನು ಮಾಡಿದಳು.

"ಮೇಡಂ, ನಿಮ್ಮನೆ ವೈಫೈನಲ್ಲಿ ಐವತ್ತರ ಹತ್ರ ಫೋನು, ಟೀವಿ ಎಲ್ಲ ಕಾಣಿಸ್ತಿದೆ. ಸೈಬರ್ ಸೆಂಟರ್ ಏನಾದ್ರೂ ಇಟ್ಕೊಂಡಿದೀರಾ?"

"ಇಲ್ಲಪ್ಪ. ಎಲೆಕ್ಷನ್‌ಗೆ ನಿಲ್ತಿದೀನಂತೆ."

ಕೇದಾರ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದ. "ರೋಗಿಗಳ ಫೈಲು ಮೇಡಂ, ಹಾಗೆಲ್ಲ ಬಿಡಕ್ಕಾಗಲ್ಲ. ಸಂಜೆ ಅಷ್ಟೊತ್ಗೆ ಸರಿ ಹೋಗ್ಲಿಲ್ಲ ಅಂದ್ರೆ ಲ್ಯಾಪ್‌ಟಾಪ್ ತಾನೇ ಲಾಕ್ ಆಗ್ಬಿಡತ್ತೆ. ಆಮೇಲೆ ನಿಮಗೆ ಮನೆಯಿಂದ ಮಾಡೋ ಪರ್ಮಿಷನ್ ಕ್ಯಾನ್ಸಲ್. ದಿನಾ ಆಫೀಸಿಗೇ ಬರ್ಬೇಕು."

ಆಫೀಸು ಊರಿನ ಇನ್ನೊಂದು ಕೊನೆಯಲ್ಲಿ. ಆ ಮಾತನ್ನು ಕೆಳಗೆ ಎತ್ತಿದರೆ ಏನಾಗುತ್ತದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮನೆಯ ವೈಫೈ ಮೂರು ಬಿಳಿ ಡಬ್ಬಿಗಳಲ್ಲಿತ್ತು. ಒಂದು ಕೆಳಗಿನ ಹಾಲಿನಲ್ಲಿ, ಒಂದು ಮೆಟ್ಟಿಲಿನ ತಿರುವಿನಲ್ಲಿ, ಒಂದು ಅವಳ ಕೋಣೆಯಲ್ಲಿ. ಮೂರೂ ಒಂದಕ್ಕೊಂದು ಕೈಹಿಡಿದು ಮನೆಯಿಡೀ ಒಂದೇ ವೈಫೈ ಹಂಚುತ್ತಿದ್ದವು. ಜಗಲಿಯ ಜನರಿಗೆಂದು ಅನಿಲ್ ಬೇರೆಯೇ ಒಂದು ಅತಿಥಿ ವೈಫೈ ಮಾಡಿದ್ದ. ಅದೇ ಡಬ್ಬಿಗಳಿಂದ ಬಂದರೂ ಅದರ ಹೆಸರು, ಪಾಸ್‌ವರ್ಡ್ ಎರಡೂ ಬೇರೆ, ಹಾಗಾಗಿ ಹೊರಗಿನವರ ಫೋನು ಮನೆಯೊಳಗಿನದನ್ನು ಮುಟ್ಟುವಂತಿರಲಿಲ್ಲ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಅವಳು ಕೆಳಗಿಳಿದಾಗ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಜೋಡಿಸುತ್ತಿದ್ದರು. ಪಕ್ಷದ ಮುಖಂಡರಾದ ಶ್ರೀನಿವಾಸಯ್ಯನವರು ಸಂಜೆ ಅಭ್ಯರ್ಥಿಯನ್ನು ನೋಡಲು ಬರುವವರಿದ್ದರು. ಹೆಣ್ಣು ನೋಡುವ ಶಾಸ್ತ್ರ ಮದುವೆಯ ಮುಂಚೆ ಒಂದು ಸಲ ಮುಗಿಯಿತು ಎಂದುಕೊಂಡಿದ್ದವಳಿಗೆ ಇದು ಎರಡನೆಯದು. ಅತ್ತೆ ಲಕ್ಷ್ಮೀದೇವಮ್ಮ ಕೇಸರಿಬಾತಿಗೆ ರವೆ ಹುರಿಯುತ್ತಿದ್ದರು.

"ರೀ, ವೈಫೈಗೆ ಏನು ಮಾಡಿದ್ರಿ? ಬೀದಿಯೋರೆಲ್ಲ ನನ್ನ ಲೈನಿಗೆ ಬಂದು ಕೂತಿದಾರೆ" ಎಂದಳು.

"ನಾನೇನು ಮಾಡ್ಲಿಲ್ಲ, ಅದೇ ಅಪ್‌ಡೇಟ್ ಆಯ್ತು" ಎಂದ ಅನಿಲ್, ಕುರ್ಚಿ ಒರೆಸುತ್ತಾ. "ನಿನ್ನೆ ಹೊಸ ಸಾಫ್ಟ್‌ವೇರ್ ಹಾಕ್ಕೊಂಡು ಡಬ್ಬಿ ತಾನೇ ಆಫ್ ಆಗಿ ಆನ್ ಆಯ್ತು. ನೋಡಿದ್ರೆ ಗೆಸ್ಟ್ ವೈಫೈ ಮಾಯ. ಜಗಲೀಲಿ ಒಂದೇ ಗಲಾಟೆ, ಮರಿಯಣ್ಣೋರ ಮಾತು ಸುಳ್ಳಾಯ್ತು ಅಂತ. ಅದಕ್ಕೆ ನಮ್ಮ ವೈಫೈ ಹೆಸರನ್ನೇ, ಪಾಸ್‌ವರ್ಡನ್ನೇ ಫ್ಲೆಕ್ಸಿನಲ್ಲಿರೋ ಥರ ಬದಲಾಯಿಸ್ಬಿಟ್ಟೆ."

"ಮನೆ ಬೀಗದ ಕೈನೇ ಬೀದಿಗೆ ಕೊಟ್ರಾ?"

"ಮತ್ತೇನು ಮಾಡ್ಲಿ? ಫ್ಲೆಕ್ಸ್ ಆಗ್ಲೇ ಪ್ರಿಂಟ್ ಆಗೋಗಿದೆ."

ಅವನು ಅದನ್ನು ಎಷ್ಟು ಪ್ರಾಮಾಣಿಕವಾಗಿ ಹೇಳಿದನೆಂದರೆ ವಾಣಿಗೆ ಜಗಳವಾಡಲು ಹಿಡಿಯೇ ಸಿಗಲಿಲ್ಲ. ಅಚ್ಚಾದದ್ದು ಕದಲಬಾರದು, ಅದಕ್ಕೆ ತಕ್ಕಂತೆ ಮಿಕ್ಕಿದ್ದೆಲ್ಲ ಕದಲಬೇಕು. ಈ ಮನೆಯ ಕಾನೂನೇ ಅದು. ಒಳಗಿನಿಂದ ಮರಿಯಣ್ಣನವರು ಪಂಚೆಯ ಅಂಚು ಹಿಡಿದುಕೊಂಡು ಬಂದರು.

"ಏನಮ್ಮಾ ಅದು?"

"ಮಾವ, ವೈಫೈ ಸರಿ ಮಾಡ್ಲಿಲ್ಲ ಅಂದ್ರೆ ನನ್ನ ಕೆಲಸ ಹೋಗತ್ತೆ."

"ಸರಿ ಮಾಡ್ಕೊ, ಯಾರು ಬೇಡ ಅಂದೋರು? ಜಗಲೀಗೆ ಬರೋದು ಮಾತ್ರ ನಿಲ್ಲಬಾರ್ದು. ಸಂಜೆ ದೊಡ್ಡೋರು ಬರ್ತಿದಾರೆ." ಎರಡು ಹೆಜ್ಜೆ ಹೋದವರು ತಿರುಗಿ, ಸಮಾಧಾನ ಮಾಡುವವರಂತೆ, "ಹೋದ್ರೆ ಹೋಗ್ಲಿ ಬಿಡು, ಇನ್ಮೇಲೆ ನಿಂಗೂ ಟೈಮ್ ಬೇಕಲ್ಲ" ಎಂದರು.

ವಾಣಿ ಅನಿಲನ ಫೋನಿನಿಂದಲೇ ವೈಫೈ ಆ್ಯಪ್‌ನಲ್ಲಿ ತನಗೂ ಅಧಿಕಾರ ಕೊಡಿಸಿಕೊಂಡು ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಆ್ಯಪ್ ತೆರೆದರೆ ಇಡೀ ಬೀದಿಯೇ ಕಣ್ಣ ಮುಂದೆ. ಯಾರದೋ ಫೋನು, ಎದುರು ಮನೆಯ ಟೀವಿ, ಮೂಲೆಯ ವೆಲ್ಡಿಂಗ್ ಅಂಗಡಿಯ ಕ್ಯಾಮೆರಾ. ಎಲ್ಲರೂ ಅವಳ ಹೆಸರನ್ನೇ ಒತ್ತಿ ಒಳಗೆ ಬಂದವರು. ಕೇದಾರ ಫೋನಿನಲ್ಲಿ ಹೇಳುತ್ತಾ ಹೋದ, ಅವಳು ಮಾಡುತ್ತಾ ಹೋದಳು. ಮನೆಯ ವೈಫೈಗೆ ಹೊಸ ಹೆಸರು, ಊಹಿಸಲಾಗದ ಹೊಸ ಪಾಸ್‌ವರ್ಡ್. ಫ್ಲೆಕ್ಸಿನ ಹೆಸರು, ಫ್ಲೆಕ್ಸಿನ ಪಾಸ್‌ವರ್ಡ್ ಮತ್ತೆ ಅತಿಥಿ ವೈಫೈಗೆ. ಅಪ್‌ಡೇಟ್ ಆದಾಗ ತಾನಾಗಿ ತೆರೆದುಕೊಂಡಿದ್ದ ಒಂದೆರಡು ಕಿಂಡಿಗಳನ್ನು ಮುಚ್ಚಿದ್ದಾಯಿತು. ಡಬ್ಬಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿ ಮಿಟುಕಿ, ಒಂದೊಂದಾಗಿ ಬೆಳ್ಳಗಾದವು.

ಒಳಗಿನ ಪಟ್ಟಿಯಲ್ಲಿ ಈಗ ಅವಳ ಲ್ಯಾಪ್‌ಟಾಪ್ ಒಂದೇ ಇತ್ತು. ಕೆಂಪು ಪಟ್ಟಿ ಹೋಗಿ ಹಸಿರು ಬಂತು.

"ಆಯ್ತು ಮೇಡಂ. ಸಂಜೆ ಲ್ಯಾಪ್‌ಟಾಪ್ ಇನ್ನೊಂದ್ಸಲ ತಾನೇ ಚೆಕ್ ಮಾಡತ್ತೆ, ಅದಾದ್ರೆ ನೀವು ಪಾಸು" ಎಂದ ಕೇದಾರ.

ಅವಳಿಗೆ ಅಳು ಬಂತು. ಯಾರೂ ನೋಡದ ಕಡೆ ಅಳುವುದಕ್ಕೂ ಈ ಮನೆಯಲ್ಲಿ ಇದೊಂದೇ ಜಾಗ ಎಂದು ನೆನೆದು ನಗುವೂ ಬಂತು.

ಅಷ್ಟರಲ್ಲಿ ಕೆಳಗಿನಿಂದ ಬೈರಮ್ಮನ ದನಿ ಕೇಳಿಸಿತು. ಆ ಅಜ್ಜಿ ದಿನಾ ಸಂಜೆ ಜಗಲಿಗೆ ಬಂದು ಮೊಮ್ಮಗಳ ಜೊತೆ ವಿಡಿಯೋದಲ್ಲಿ ಮಾತಾಡುವವರು. "ಮೊಮ್ಮಗ್ಳು ಕಾಯ್ತಾ ಕೂತವ್ಳೆ ಕಣಪ್ಪ, ಇದು ಬರಾಕಿಲ್ಲ ಅಂತೈತೆ." ಹಿಂದೆಯೇ ಇನ್ನೂ ನಾಲ್ಕು ಗಂಡು ದನಿಗಳು. ವಾಣಿ ಕೇದಾರನನ್ನು ಕೇಳಿದಳು.

"ಹೊಸ ಸಾಫ್ಟ್‌ವೇರು ಗೆಸ್ಟ್ ವೈಫೈಗೆ ಹೊಸ ಥರದ ಭದ್ರತೆ ಹಾಕಿದೆ ಮೇಡಂ. ಹಳೇ ಫೋನ್‌ಗಳಿಗೆ ಅದು ಗೊತ್ತಾಗಲ್ಲ. ಗೆಸ್ಟ್‌ಗೆ ಮಾತ್ರ ಹಳೇದು ಹಾಕಿ, ಸೆಟ್ಟಿಂಗ್‌ನಲ್ಲೇ ಇರತ್ತೆ. ನಿಮ್ಮ ಲೈನಿಗೇನೂ ಆಗಲ್ಲ. ಒಂದು ನಿಮಿಷದ ಕೆಲಸ."

ಅವಳು ಆ ಜಾಗ ಹುಡುಕಿ ಬೆರಳಿಡುವ ಹೊತ್ತಿಗೆ ಬೀದಿಯಲ್ಲಿ ಕಾರಿನ ಹಾರ್ನ್ ಆಯಿತು. "ಬಂದ್ರು, ಬಂದ್ರು" ಎಂದು ಯಾರೋ ಓಡಿದರು. ಅವಳ ಕೋಣೆಯ ಡಬ್ಬಿ ಮತ್ತೆ ಕಿತ್ತಳೆಯಾಯಿತು. ಅವಳೇನೂ ಮಾಡಿರಲಿಲ್ಲ. ಫೋನಿನ ಆ್ಯಪ್‌ನಲ್ಲಿ ಒಂದು ಸಾಲು ಮೂಡಿತು: ಅನಿಲ್ ಕುಮಾರ್ ಹಿಂದಿನ ಸೆಟ್ಟಿಂಗ್‌ಗಳನ್ನು ಮರಳಿ ಹಾಕಿದ್ದಾರೆ.

ಮೆಟ್ಟಿಲಿಗೆ ಓಡಿ, "ರೀ, ಒಂದು ನಿಮಿಷ ತಡೀರಿ, ನಾನೇ ಮಾಡ್ತಿದ್ದೆ" ಎಂದು ಕೂಗಿದಳು. ಅವನು ಹಾರ ಹಿಡಿದುಕೊಂಡು ಗೇಟಿನ ಕಡೆ ಓಡುತ್ತಿದ್ದ. ತಿರುಗಿ ನಕ್ಕು, ಎಲ್ಲ ಸರಿಯಾಯಿತು ಎಂಬಂತೆ ಕೈ ಮಾಡಿದ. ಜಗಲಿಯಲ್ಲಿ ಬೈರಮ್ಮನ ಮೊಮ್ಮಗಳ ನಗು ಫೋನಿನಿಂದ ಕೇಳಿಸಿತು. ಬೀದಿಯೆಲ್ಲ ಮತ್ತೆ ಒಳಗೆ ಬಂದಾಗಿತ್ತು.

ಕೋಣೆಗೆ ವಾಪಸು ಬಂದರೆ ತೆರೆ ಕಪ್ಪಾಗಿತ್ತು. ನಡುವೆ ಬಿಳಿ ಅಕ್ಷರದಲ್ಲಿ ಲಾಕ್ ಮಾಡಲಾಗಿದೆ ಎಂದಿತ್ತು.

"ಚೆಕ್ ಆಗೋ ಟೈಮಿಗೇ ಎಲ್ಲಾ ವಾಪಸ್ ಬಂದ್ಬಿಡ್ತು ಮೇಡಂ," ಕೇದಾರನ ದನಿ ಇಳಿದಿತ್ತು. "ಇನ್ನು ನನ್ನ ಕೈಲಿಲ್ಲ. ಸೋಮವಾರ ಲ್ಯಾಪ್‌ಟಾಪ್ ತಗೊಂಡು ಆಫೀಸಿಗೆ ಬಂದ್ಬಿಡಿ. ಬಂದ್ರೆ ಕೆಲಸಕ್ಕೇನೂ ತೊಂದ್ರೆ ಇಲ್ಲ."

ವಾಣಿ ಕುರ್ಚಿಯಲ್ಲಿ ಕೂತಳು. ಯಾರಾದರೂ ಬೇಕೆಂದೇ ಮಾಡಿದ್ದರೆ ಅವರ ಮೇಲೆ ಹರಿಹಾಯಬಹುದಿತ್ತು. ಅನಿಲ್ ಒಳ್ಳೆಯವನು, ಮಾವ ಕೆಟ್ಟವರಲ್ಲ, ಬೈರಮ್ಮನಿಗೆ ಮೊಮ್ಮಗಳು ಬೇಕು. ಇವರ್ಯಾರೂ ಅವಳ ವಿರುದ್ಧ ಏನೂ ಮಾಡಿರಲಿಲ್ಲ. ಅವಳೊಬ್ಬಳಿದ್ದಾಳೆ ಎಂಬುದೇ ಯಾರ ತಲೆಗೂ ಬಂದಿರಲಿಲ್ಲ. ಅದು ನೆನಪಾದೊಡನೆ ಮೈಯೆಲ್ಲ ಉರಿಯಿತು.

ಆಮೇಲೆ ಆ ಉರಿಯಲ್ಲೇ ಒಂದು ದಾರಿ ಕಂಡಿತು. ಆಫೀಸಿಗೆ ಹೋಗುತ್ತೇನೆ ಎಂದು ಒಳಗೆ ಹೇಳಿದರೆ ಮಾವ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಜಗಲಿಯಲ್ಲಿ, ಅಷ್ಟು ಜನರ ಎದುರು, ದೊಡ್ಡವರ ಎದುರು ಹೇಳಿಬಿಟ್ಟರೆ? ಹೆಣ್ಣುಮಕ್ಕಳ ಏಳಿಗೆ ಎಂದು ಬಾಯಿ ತುಂಬ ಮಾತಾಡುವವರು ಅಲ್ಲಿ ಬೇಡ ಎನ್ನುವ ಹಾಗಿಲ್ಲ. ಹುಡುಗಾಟಿಕೆಯ ಧೈರ್ಯವೋ ಏನೋ, ಸೀರೆಯನ್ನೂ ಬದಲಾಯಿಸದೆ ಇಳಿದುಹೋದಳು.

ಜಗಲಿ ತುಂಬಿತ್ತು. ಶ್ರೀನಿವಾಸಯ್ಯನವರು ಹಾರ ತೆಗೆದು ಪಕ್ಕದ ಕುರ್ಚಿಗೆ ಹಾಕಿ ಕೇಸರಿಬಾತ್ ತಿನ್ನುತ್ತಿದ್ದರು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನಮ್ಮಾ, ಮನೇಲೇ ಇರ್ತೀರಾ?" ಎಂದರು.

"ಇಲ್ಲ ಸರ್, ಕೆಲಸದಲ್ಲಿದೀನಿ. ಸೋಮವಾರದಿಂದ ದಿನಾ ಆಫೀಸಿಗೆ ಹೋಗ್ತೀನಿ. ನಂಗೆ ಈ ಎಲೆಕ್ಷನ್ ಬೇಡ."

ಒಂದೇ ಉಸಿರಿನಲ್ಲಿ ಪೂರ್ತಿ ಹೇಳಿದಳು. ಮರಿಯಣ್ಣನವರ ಕೈಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಬಾಗಿಲಲ್ಲಿ ಲಕ್ಷ್ಮೀದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ವಾಣಿಗೆ ಎದೆ ಹಗುರಾಯಿತು. ಮದುವೆಯಾದಂದಿನಿಂದ ಇಷ್ಟು ಹಗುರ ಆಗಿರಲಿಲ್ಲ.

ಶ್ರೀನಿವಾಸಯ್ಯನವರು ಚಮಚ ಕೆಳಗಿಟ್ಟರು. ಅವರ ಮುಖ ನಿಧಾನವಾಗಿ ಅರಳಿತು.

"ನೋಡಿ ಮರಿಯಣ್ಣೋರೆ, ಸೀಟು ಕೊಡಿ ಕೊಡಿ ಅಂತ ಕಾಲಿಗೆ ಬೀಳೋರನ್ನ ಬೆಳಿಗ್ಗೆಯಿಂದ ನೋಡಿ ಸಾಕಾಗಿದೆ. ಬೇಡ ಅನ್ನೋ ಒಬ್ರನ್ನ ಈಗ ನೋಡ್ದೆ. ದುಡಿಯೋ ಹೆಣ್ಮಗಳು, ಎದುರಿಗೆ ನಿಂತು ಮಾತಾಡ್ತಾರೆ. ಇನ್ನೇನ್ರೀ ಬೇಕು? ಇದನ್ನೇ ಸ್ಟೇಜ್ ಮೇಲೂ ಹೇಳ್ಸಿ. ಇವರೇ ನಮ್ಮ ಕ್ಯಾಂಡಿಡೇಟು."

ಜಗಲಿ ಚಪ್ಪಾಳೆ ತಟ್ಟಿತು. ಮರಿಯಣ್ಣನವರ ಕಣ್ಣಲ್ಲಿ ನೀರು ನಿಂತಿತು, ಸೊಸೆಯನ್ನು ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ಇಷ್ಟು ದೊಡ್ಡ ಚಾಣಾಕ್ಷೆ ತಮ್ಮ ಮನೆಯಲ್ಲೇ ಇದ್ದದ್ದು ಅವರಿಗೂ ಗೊತ್ತಿರಲಿಲ್ಲ.

"ಸರ್, ನಾನು ನಿಜವಾಗ್ಲೂ..." ಎಂದಳು ವಾಣಿ.

"ಆಫೀಸಿನ ಚಿಂತೆ ಬಿಡಮ್ಮ. ಅವರ ಹತ್ರ ನಾನೇ ಮಾತಾಡ್ತೀನಿ. ಎಲೆಕ್ಷನ್ ಮುಗಿಯೋವರ್ಗೂ ರಜಾ ಕೊಡ್ದೆ ಎಲ್ಲಿಗೆ ಹೋಗ್ತಾರೆ" ಎಂದು ಅವರು ಮತ್ತೆ ಚಮಚ ಎತ್ತಿಕೊಂಡರು.

ಜಗಲಿಯಲ್ಲಿದ್ದ ಫೋನುಗಳೆಲ್ಲ ಮೇಲೆದ್ದವು. ಬೈರಮ್ಮ ತನ್ನ ಫೋನನ್ನು ತಿರುಗಿಸಿ ಮೊಮ್ಮಗಳಿಗೆ ತೋರಿಸಿದರು, "ಇವರೇ ನಮ್ ವಾಣಮ್ಮ, ನೋಡವ್ವ." ಅನಿಲ್ ಎದುರಿಗೆ ಬಂದು ಕೂತು, ಫೋನು ಅಡ್ಡ ಹಿಡಿದು, ಮೆಲ್ಲಗೆ, "ಒಂದ್ಸಲ ಕೈ ಮುಗಿಯೇ" ಎಂದ.

ಇಲ್ಲ ಎನ್ನಲು ಅವಳು ಬಾಯಿ ತೆರೆದಳು. ಎಲ್ಲರೂ ಅವಳನ್ನೇ ನೋಡಿ ನಗುತ್ತಿದ್ದರು. ಬಾಯಿಂದ ಮಾತು ಹೊರಡುವ ಮುಂಚೆಯೇ ಅವಳ ಎರಡು ಕೈಗಳು ಎದ್ದು ಒಂದಕ್ಕೊಂದು ಸೇರಿಕೊಂಡಿದ್ದವು.